ಬೂದಿಯ ಬಯಲಲ್ಲಿ ಸತ್ತ ಮರ

(ಉಡುಪಿಯಲ್ಲಿ ಹವ್ಯಾಸಿ ಛಾಯಾಗ್ರಾಹಕರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಲ್ಪೆಯಿಂದ ದೋಣಿ ಹತ್ತಿದರೆ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ನಮ್ಮದೇ ಒಂದು ಲಾವಾ ನೆಲ ಸಿಗುತ್ತದೆ. ಸೇಂಟ್ ಮೇರೀಸ್ ದ್ವೀಪದ ಆ ಕಂಬಗಲ್ಲುಗಳ ಮೇಲೆ ಕೂತು ಫೋಟೋ ತೆಗೆಸಿಕೊಳ್ಳದವರು ಈ ಸಭೆಯಲ್ಲಿ ಕಡಿಮೆ. ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ಅದು. ಬಸಾಲ್ಟ್ ಅಂತ ಹೇಳುವ ರೂಢಿ ಇದೆ. ಸರಿಯಾಗಿ ಹೇಳುವುದಾದರೆ ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯ ಕಲ್ಲು. ಅಲ್ಲಿ ಈಗಿರುವ ತೆಂಗಿನ ಮರಗಳಿಗೂ ಆ ಬೆಂಕಿಗೂ ಏನೂ ಸಂಬಂಧವಿಲ್ಲ. ಆದರೂ ಅಲ್ಲಿಂದಲೇ ಮಾತು ಶುರು ಮಾಡುತ್ತಿರುವುದಕ್ಕೆ ಕಾರಣವಿದೆ. ಇವತ್ತಿನ ವಿಷಯ ಜ್ವಾಲಾಮುಖಿ ನೆಲದ ಸತ್ತ ಮರಗಳ ಚಿತ್ರ ತೆಗೆಯುವುದು. ಅದರ ಜಾಗಗಳು ಹವಾಯಿ, ಅಮೆರಿಕದ ವಾಷಿಂಗ್ಟನ್ ರಾಜ್ಯ, ಜಾವಾ ಹೀಗೆ ದೂರದೂರ ಇವೆ. ಕೈ ಪಳಗಿಸುವ ಕೆಲಸವನ್ನು ಮಾತ್ರ ಮಲ್ಪೆಯಲ್ಲೇ ಮುಗಿಸಿಕೊಳ್ಳಬಹುದು.

ಜ್ವಾಲಾಮುಖಿ ಸ್ಫೋಟಿಸಿದ ನೆಲದಲ್ಲಿ ನಿಂತ ಒಣ ಮರ ಯಾರ ಕಣ್ಣನ್ನೂ ಸೆಳೆಯುತ್ತದೆ. ಕಪ್ಪು ನೆಲ, ಬಿಳಿ ಕಾಂಡ, ಮೇಲೆ ಖಾಲಿ ಆಕಾಶ. ಹಾಗಾಗಿಯೇ ಅಂಥ ಚಿತ್ರಗಳು ಸಾವಿರಗಟ್ಟಲೆ ಇವೆ, ಅವುಗಳಲ್ಲಿ ಬಹುಪಾಲು ಒಂದರ ಹಾಗೇ ಇನ್ನೊಂದು. ಕೆಳಗಿನ ಹೆಸರು ಮುಚ್ಚಿದರೆ ರಾಜಸ್ಥಾನದ ಬರಗಾಲದ ಮರವೋ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎದ್ದ ಮರವೋ, ಜ್ವಾಲಾಮುಖಿಯ ಮರವೋ ತಿಳಿಯುವುದಿಲ್ಲ. ನಮ್ಮ ಇಡೀ ಮಾತು ನಿಂತಿರುವುದು ಇದರ ಮೇಲೆ: ಆ ಮರ ಹೇಗೆ ಸತ್ತಿತು ಎಂಬುದು ಚಿತ್ರದೊಳಗೇ ಕಾಣಬೇಕು. ಲೆನ್ಸ್ ಯಾವುದು, ಎಲ್ಲಿ ನಿಲ್ಲಬೇಕು, ಯಾವ ಬೆಳಕು, ಎಷ್ಟು ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ಎಂಬ ಎಲ್ಲ ತೀರ್ಮಾನಗಳೂ ಆ ಒಂದು ಪ್ರಶ್ನೆಯ ಹಿಂದೆ ಬರುತ್ತವೆ.

ಜ್ವಾಲಾಮುಖಿ ಮರವನ್ನು ಒಂದೇ ಬಗೆಯಲ್ಲಿ ಕೊಲ್ಲುವುದಿಲ್ಲ. ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಪರ್ವತವನ್ನು ನೋಡಿ. 1980ರ ಮೇ 18ರ ಬೆಳಿಗ್ಗೆ 8 ಗಂಟೆ 32 ನಿಮಿಷಕ್ಕೆ ಅದರ ಉತ್ತರದ ಮೈ ಕುಸಿದು, ಒತ್ತಡದಲ್ಲಿದ್ದ ಅನಿಲ ಮತ್ತು ಕಲ್ಲು ಮೇಲಕ್ಕೆ ಹೋಗುವ ಬದಲು ಪಕ್ಕಕ್ಕೆ ಸಿಡಿದವು. 2,950 ಮೀಟರ್ ಎತ್ತರದ ಬೆಟ್ಟ 2,549 ಮೀಟರ್‌ಗೆ ಇಳಿಯಿತು. 57 ಜನ ಸತ್ತರು. ಸುಮಾರು 600 ಚದರ ಕಿಲೋಮೀಟರ್ ಕಾಡು ಹೋಯಿತು. ಬೆಟ್ಟಕ್ಕೆ ಹತ್ತಿರದ ವಲಯದಲ್ಲಿ ಮರಗಳೇ ಉಳಿಯಲಿಲ್ಲ, ಬುಡಸಮೇತ ಹೋದವು. ಅದರಾಚೆಗಿನ ವಲಯದಲ್ಲಿ ಮುಗಿಲೆತ್ತರದ ಫರ್ ಮರಗಳೆಲ್ಲ (ಸೂಜಿ ಎಲೆಯ ಮರಗಳು) ಬಾಚಣಿಗೆಯಲ್ಲಿ ಬಾಚಿದ ಹಾಗೆ ಒಂದೇ ದಿಕ್ಕಿಗೆ ಮಲಗಿದವು. ಅದಕ್ಕೂ ಹೊರಗಿನ ತೆಳು ಅಂಚಿನಲ್ಲಿ ಗಾಳಿಯ ಬಲ ಕುಗ್ಗಿ ಬಿಸಿ ಮಾತ್ರ ಉಳಿದಿತ್ತು. ಅಲ್ಲಿ ಮರಗಳು ನಿಂತಲ್ಲೇ ಬೆಂದು ಸತ್ತವು. ಮೇ ತಿಂಗಳಾದ್ದರಿಂದ ಕೆಲವೆಡೆ ಹಿಮ ಇನ್ನೂ ಕರಗಿರಲಿಲ್ಲ. ಅದರಡಿ ಹುದುಗಿದ್ದ ಎಳೆಯ ಸಿಲ್ವರ್ ಫರ್ ಸಸಿಗಳು ಬದುಕಿಕೊಂಡವು.

ಒಂದೇ ಸ್ಫೋಟದಲ್ಲಿ ಮೂರು ಬಗೆಯ ಸಾವು. ಮಲಗಿದ ಕಾಡಿನಲ್ಲಿ ಒಂದೇ ಮರಕ್ಕೆ ಲೆನ್ಸ್ ಹಿಡಿದರೆ ಅದು ಬಿದ್ದ ಮರ ಅಷ್ಟೇ ಆಗುತ್ತದೆ. ಅಲ್ಲಿ ಕಥೆ ಇರುವುದು ದಿಕ್ಕಿನಲ್ಲಿ. ತುಸು ಎತ್ತರಕ್ಕೆ ಹೋಗಿ, ಮರಗಳು ಮಲಗಿದ ದಿಕ್ಕಿಗೆ ಅಡ್ಡಲಾಗಿ ನಿಂತು, 70ರಿಂದ 200 ಮಿ.ಮೀ. ನಡುವಿನ ಲೆನ್ಸ್‌ನಲ್ಲಿ ಇಳಿಜಾರನ್ನು ಒತ್ತೊತ್ತಾಗಿ ಹಿಡಿದರೆ ಗೆರೆಗಳು ಕಾಣುತ್ತವೆ. ಒಂದು ಗುಡ್ಡದ ಏಣು ದಾಟುತ್ತಿದ್ದ ಹಾಗೆ ಆ ಗೆರೆಗಳು ಎಲ್ಲಿ ತಿರುಗುತ್ತವೆ ಎಂದು ಹುಡುಕಿ. ಗಾಳಿ ಗುಡ್ಡವನ್ನು ಸುತ್ತಿ ಹೋದ ದಾರಿ ಅದೇ. ಒಂಟಿ ಮರವೇ ಬೇಕಿದ್ದರೆ ಕ್ಯಾಮೆರಾ ಎತ್ತುವ ಮೊದಲು ಅದರ ಸುತ್ತ ಪೂರ್ತಿ ಒಂದು ಸುತ್ತು ಬನ್ನಿ. ಸ್ಫೋಟಕ್ಕೆ ಎದುರಾಗಿದ್ದ ಬದಿಯಲ್ಲಿ ತೊಗಟೆ ಸುಲಿದು, ಮರಳು ಕಾಗದದಲ್ಲಿ ಉಜ್ಜಿದಂತೆ ಇರುತ್ತದೆ. ಹಿಂಬದಿ ಅಷ್ಟು ಸವೆದಿರುವುದಿಲ್ಲ. ಆ ಎರಡು ಬದಿ ಸೇರುವ ಗೆರೆ ಕಾಣುವ ಹಾಗೆ, ಅಂದರೆ ಸ್ಫೋಟದ ದಿಕ್ಕಿಗೆ ಲಂಬವಾಗಿ, ನಿಂತರೆ ಒಂದೇ ಕಾಂಡದಲ್ಲಿ ಇಡೀ ಘಟನೆ ಬರೆದಿರುತ್ತದೆ.

ಕಿಲೌಯಾ ಜ್ವಾಲಾಮುಖಿ ತಂದ ಸಾವು ಬೇರೆ. ಹವಾಯಿಯಲ್ಲಿ 1959ರ ನವೆಂಬರ್ 14ರಂದು ಕಿಲೌಯಾ ಇಕಿ ಕುಳಿಯಲ್ಲಿ ಎದ್ದ ಲಾವಾ ಕಾರಂಜಿ ಒಂದು ಹಂತದಲ್ಲಿ ಸುಮಾರು 580 ಮೀಟರ್ ಎತ್ತರ ಮುಟ್ಟಿತು. ನೊರೆಗಟ್ಟಿದ ಲಾವಾ ಹನಿಗಳು ಗಾಳಿಯಲ್ಲೇ ಆರಿ, ಹಗುರ ಜಲ್ಲಿಯಾಗಿ ಒಹಿಯಾ ಎಂಬ ಅಲ್ಲಿನ ಮರಗಳ ಕಾಡಿನ ಮೇಲೆ ಸುರಿದವು. ಮರಗಳು ಬಿದ್ದಿಲ್ಲ, ಹೂತುಹೋಗಿವೆ. ಎಲೆ ಉದುರಿ, ರೆಂಬೆ ಮುರಿದು, ಕಾಂಡ ಬಿಸಿಲಿಗೆ ಬೆಳ್ಳಗಾಗಿದೆ. ಸ್ವಲ್ಪ ಮಟ್ಟಿಗೆ ಹೂತ ಕೆಲವು ಒಹಿಯಾಗಳು ಮತ್ತೆ ಚಿಗುರಿದ್ದೂ ಉಂಟು. ಇಲ್ಲಿ ಕಥೆ ಇರುವುದು ಬುಡದಲ್ಲಿ. ಸಾಮಾನ್ಯ ಮರ ನೆಲ ಮುಟ್ಟುವಲ್ಲಿ ಅಗಲವಾಗುತ್ತದೆ, ಬೇರು ಹರಡುತ್ತದೆ. ಹೂತ ಮರ ಕಂಬ ನೆಟ್ಟ ಹಾಗೆ ನೇರ ಜಲ್ಲಿಯೊಳಗೆ ಇಳಿಯುತ್ತದೆ. ಆ ಬುಡವನ್ನು ಫ್ರೇಮಿನಿಂದ ಕತ್ತರಿಸಿ, ರೆಂಬೆಗಳನ್ನು ಆಕಾಶಕ್ಕೆ ಎದುರಾಗಿ ನೆರಳುಚಿತ್ರ ಮಾಡಿದರೆ ಇದ್ದ ಒಂದೇ ಸಾಕ್ಷಿಯನ್ನು ಹೊರಗೆ ಹಾಕಿದಂತೆ. ಬುಡ ಫ್ರೇಮಿನಲ್ಲಿರಲಿ, ಅದರ ಮುಂದೆ ಕನಿಷ್ಠ ಕಾಲು ಭಾಗ ಜಲ್ಲಿ ನೆಲವೂ ಇರಲಿ.

ಹರಿದು ಬಂದ ಲಾವಾ ಮರವನ್ನು ಸುತ್ತಿಕೊಂಡಾಗ ಇನ್ನೊಂದು ಬಗೆ. ಹಸಿ ಕಾಂಡಕ್ಕೆ ತಾಗಿದ ಲಾವಾ ಅಲ್ಲೇ ಆರಿ ಗಟ್ಟಿಯಾಗುತ್ತದೆ, ಒಳಗಿನ ಮರ ಉರಿದುಹೋಗುತ್ತದೆ. ಸುತ್ತಲಿನ ಲಾವಾ ಮಟ್ಟ ಇಳಿದರೆ ಟೊಳ್ಳು ಕಂಬ ಉಳಿಯುತ್ತದೆ, ಇಳಿಯದಿದ್ದರೆ ನೆಲದಲ್ಲಿ ಬಾವಿಯಂಥ ತೂತು. ಮರ ಇಲ್ಲ, ಮರದ ಅಚ್ಚು ಇದೆ. ಹವಾಯಿಯ ಲಾವಾ ಟ್ರೀ ಉದ್ಯಾನದಲ್ಲಿ 1790ರ ಲಾವಾ ಹರಿವಿನ ಇಂಥ ಕಂಬಗಳು ಈಗಲೂ ನಿಂತಿವೆ. ಅಚ್ಚಿನ ಒಳಗೋಡೆಯಲ್ಲಿ ಸುಟ್ಟ ಮರದ ಬಿರುಕುಗಳ ಚೌಕುಳಿ ಮೂಡಿರುತ್ತದೆ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಅದು ಬರೀ ಕಪ್ಪು ತೂತು. ಮೋಡ ಕವಿದಾಗ ಹೋಗಿ, ಬಾಯಿಯ ಒಂದು ಬದಿಯಿಂದ ಸಣ್ಣ ಟಾರ್ಚನ್ನು ಗೋಡೆಗೆ ಸವರುವಂತೆ ಹಿಡಿಯಿರಿ. ಹತ್ತಿರದ ಅಂಚಿನಿಂದ ತಳದವರೆಗೆ ಐದಾರು ಫೋಕಸ್‌ಗಳಲ್ಲಿ ತೆಗೆದು ಆಮೇಲೆ ಜೋಡಿಸಿ.

ಕೊನೆಯದು ಅನಿಲ. ಕ್ಯಾಲಿಫೋರ್ನಿಯಾದ ಮ್ಯಾಮತ್ ಪರ್ವತದ ಹಾರ್ಸ್‌ಶೂ ಸರೋವರದ ಬಳಿ 1989ರ ಭೂಕಂಪಗಳ ಸರಣಿಯ ನಂತರ ನೆಲದಡಿಯಿಂದ ಇಂಗಾಲದ ಡೈಆಕ್ಸೈಡ್ ಜಿನುಗತೊಡಗಿ, ಬೇರಿಗೆ ಉಸಿರಿಲ್ಲದೆ ಮರಗಳು ಸತ್ತವು. ಬೂದಿ ಇಲ್ಲ, ಸುಟ್ಟ ಗುರುತಿಲ್ಲ, ನೆಲವೂ ಹಾಗೇ ಇದೆ. ಇದನ್ನು ಒಂದೇ ಚಿತ್ರದಲ್ಲಿ ಹೇಳುವುದು ಕಷ್ಟ. ಸತ್ತ ತೋಪು ಮತ್ತು ಅದರ ಅಂಚಿನ ಹಸಿರು ಮರಗಳು ಎರಡೂ ಒಂದೇ ಫ್ರೇಮಿಗೆ ಬಂದರೆ ಮಾತ್ರ ನೋಡುವವನಿಗೆ ಏನೋ ಅಸಹಜ ನಡೆದಿದೆ ಅನ್ನಿಸುತ್ತದೆ. ಜಾವಾದ ಗಾರುತ್ ಬಳಿಯ ಪಾಪಂದಾಯನ್ ಬೆಟ್ಟದ ಮೇಲಿನ ‘ಹುತಾನ್ ಮಾತಿ’, ಅಂದರೆ ಸತ್ತ ಕಾಡು, ನಮ್ಮಿಂದ ಹೋಗುವವರಿಗೆ ಇವುಗಳಲ್ಲಿ ಹತ್ತಿರದ್ದು. 2002ರ ಸ್ಫೋಟದಲ್ಲಿ ಸತ್ತ, ಕರಿಗಟ್ಟಿದ ತೆಳು ಕಾಂಡಗಳು ಅಲ್ಲಿ ಬಿಳಿಚಿದ ನೆಲದ ಮೇಲೆ ನಿಂತಿವೆ. ಕಿಲೌಯಾಕ್ಕೆ ಸರಿಯಾಗಿ ತಿರುವುಮುರುವು: ಅಲ್ಲಿ ಕಪ್ಪು ನೆಲ, ಬಿಳಿ ಮರ, ಇಲ್ಲಿ ಬಿಳಿ ನೆಲ, ಕಪ್ಪು ಮರ.

ಆ ತಿರುವುಮುರುವೇ ಎಕ್ಸ್‌ಪೋಷರ್‌ನ ಮೂಲ. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ನಡು ಬೂದುಬಣ್ಣ ಎಂದೇ ತಿಳಿಯುತ್ತದೆ. ಫ್ರೇಮಿನ ಮುಕ್ಕಾಲು ಪಾಲು ಕಪ್ಪು ಜಲ್ಲಿ ಇದ್ದರೆ ಅದನ್ನು ಬೂದು ಮಾಡಲು ಒಂದೂವರೆಯಿಂದ ಎರಡು ಸ್ಟಾಪ್ ಹೆಚ್ಚು ಬೆಳಕು ಬಿಡುತ್ತದೆ (ಒಂದು ಸ್ಟಾಪ್ ಹೆಚ್ಚು ಎಂದರೆ ಬೆಳಕು ಎರಡು ಪಟ್ಟು). ಆಗ ಬಿಸಿಲಿಗೆ ಬೆಳ್ಳಗಾದ ಕಾಂಡ ಸುಣ್ಣ ಬಳಿದ ಗೋಡೆಯಾಗಿಬಿಡುತ್ತದೆ. ಅದರ ಎಳೆ, ಸೀಳು, ಹುಳು ಕೊರೆದ ಗೆರೆ ಎಲ್ಲ ಮಾಯ. ಒಮ್ಮೆ ಹೋದ ಆ ವಿವರ ಯಾವ ಸಾಫ್ಟ್‌ವೇರಿನಲ್ಲೂ ಮರಳುವುದಿಲ್ಲ. ಹಾಗಾಗಿ ಕಪ್ಪು ನೆಲದಲ್ಲಿ ಮೈನಸ್ 1ರಿಂದ ಮೈನಸ್ 1.7ರವರೆಗೆ ತಿದ್ದುಪಡಿ. ಬಿಳಿ ಬೂದಿ ಅಥವಾ ಪ್ಯೂಮಿಸ್ (ಹಗುರ ನೊರೆಗಲ್ಲು) ನೆಲದಲ್ಲಿ ಇದರ ಉಲ್ಟಾ: ಪ್ಲಸ್ 1 ಆಸುಪಾಸು, ಇಲ್ಲದಿದ್ದರೆ ಬೂದಿ ಕೆಸರಿನಂತೆ ಕಾಣುತ್ತದೆ.

ಇದಕ್ಕಿಂತ ನಂಬಿಕಸ್ಥ ದಾರಿ ಸ್ಪಾಟ್ ಮೀಟರಿಂಗ್, ಅಂದರೆ ಫ್ರೇಮಿನ ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವುದು. ಕಾಂಡದ ಮೇಲೆ ಬಿಸಿಲು ಬಿದ್ದ ಅತಿ ಬಿಳಿ ಭಾಗವನ್ನು ಅಳೆಯಿರಿ. ಮ್ಯಾನುಯಲ್ ಮೋಡ್‌ನಲ್ಲಿ ಅದು ಪ್ಲಸ್ 2ರಲ್ಲಿ ಬರುವಂತೆ ಶಟರ್ ಹೊಂದಿಸಿ. ಆನ್ಸೆಲ್ ಆಡಮ್ಸ್ ಅವರ ಝೋನ್ ಪದ್ಧತಿ ಬಲ್ಲವರಿಗೆ ಇದು ಏಳನೇ ಝೋನ್: ಬಿಳಿ, ಆದರೆ ಮೈ ಕಾಣುವ ಬಿಳಿ. ಬಿಸಿಲಿನ ಬಿಳಿ ಕಾಂಡಕ್ಕೂ ಬಿಸಿಲಿನ ಕಪ್ಪು ಜಲ್ಲಿಗೂ ಅಂತರ ಮೂರು ಸ್ಟಾಪ್ ಆಸುಪಾಸು, ಜಲ್ಲಿಯ ನೆರಳು ಸೇರಿದರೆ ಇನ್ನೆರಡು ಮೂರು. 14 ಬಿಟ್‌ನ ರಾ ಫೈಲು, ಅಂದರೆ ಸೆನ್ಸರ್ ಕಂಡದ್ದನ್ನೆಲ್ಲ ಹಾಗೇ ಉಳಿಸುವ ಫೈಲು, ಇದನ್ನು ಆರಾಮಾಗಿ ಹಿಡಿಯುತ್ತದೆ. ಜೆಪೆಗ್‌ನಲ್ಲಿ ಆಮೇಲೆ ತಿದ್ದಲು ಅಷ್ಟು ಜಾಗ ಇರುವುದಿಲ್ಲ. ಹಿಸ್ಟೋಗ್ರಾಂ (ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡುವಾಗ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ನೋಡಿ. ಮುಂಜಾನೆಯ ಹಳದಿ ಬೆಳಕಿನಲ್ಲಿ ಕೆಂಪು ಎಲ್ಲಕ್ಕೂ ಮೊದಲು ಬಲಗೋಡೆಗೆ ಬಡಿಯುತ್ತದೆ, ಒಟ್ಟು ಹಿಸ್ಟೋಗ್ರಾಂ ಮಾತ್ರ ಎಲ್ಲ ಸರಿ ಇದೆ ಎನ್ನುತ್ತಿರುತ್ತದೆ.

ಆಕಾಶ ತೀರಾ ಬೆಳ್ಳಗಿದ್ದರೆ ಮೇಲರ್ಧ ಮಾತ್ರ ಕಪ್ಪಾಗಿರುವ ಗ್ರಾಜುಯೇಟೆಡ್ ಫಿಲ್ಟರ್ ಹಾಕುವ ಅಭ್ಯಾಸ ನಮ್ಮ ಕಡಲ ತೀರದ ಛಾಯಾಗ್ರಾಹಕರಿಗೆ ಇದೆ. ಕಡಲಿಗೆ ಅದು ಸರಿ, ದಿಗಂತ ನೇರ ಗೆರೆ. ನಿಂತ ಮರ ದಿಗಂತವನ್ನು ದಾಟುತ್ತದೆ. ಫಿಲ್ಟರ್ ಮರದ ಮೇಲರ್ಧವನ್ನೂ ಕಪ್ಪು ಮಾಡುತ್ತದೆ, ಸುಟ್ಟೇ ಇರದ ತುದಿ ಸುಟ್ಟ ಹಾಗೆ ಕಾಣುತ್ತದೆ. ಚಿತ್ರ ಸುಳ್ಳು ಹೇಳಿದಂತೆ. ಅದರ ಬದಲು ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಫ್ರೇಮ್ ತೆಗೆಯಿರಿ. ಎಲೆಯಿಲ್ಲದ ಮರವಾದ್ದರಿಂದ ಮೂರನ್ನೂ ಜೋಡಿಸುವುದು ಸುಲಭ, ಆದರೆ ಗಾಳಿ ಇದ್ದರೆ ತುದಿಯ ಸಣ್ಣ ಕಡ್ಡಿಗಳು ಎರಡೆರಡಾಗಿ ಬರುತ್ತವೆ. ಆಗ ಕಡ್ಡಿಗಳ ಭಾಗಕ್ಕೆ ಒಂದೇ ಫ್ರೇಮನ್ನು ಬಳಸಿ ಮಾಸ್ಕ್ ಮಾಡಬೇಕು.

ಹೊಳಪನ್ನು ಕತ್ತರಿಸುವ ಪೋಲರೈಸರ್ ಫಿಲ್ಟರ್ ಬಗ್ಗೆಯೂ ಒಂದು ಎಚ್ಚರ. ವರ್ಷಗಟ್ಟಲೆ ಮಳೆ ಬಿಸಿಲು ಉಂಡ ಮರಕ್ಕೆ ಬೆಳ್ಳಿಯ ಹೊಳಪು ಬಂದಿರುತ್ತದೆ; ಫಿಲ್ಟರನ್ನು ಪೂರ್ತಿ ತಿರುಗಿಸಿದರೆ ಆ ಹೊಳಪೇ ಹೋಗಿ ಮರ ರಟ್ಟಿನಂತಾಗುತ್ತದೆ. ಕಣ್ಣಿನಲ್ಲಿ ನೋಡುತ್ತ ಅರ್ಧದಲ್ಲಿ ನಿಲ್ಲಿಸಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬೇಡ, 5200ರಿಂದ 5500 ಕೆಲ್ವಿನ್‌ಗೆ ಕಟ್ಟಿಹಾಕಿ. ಬಣ್ಣವೇ ಇಲ್ಲದ ದೃಶ್ಯದಲ್ಲಿ ಆಟೋ ತಡಕಾಡುತ್ತದೆ, ಪಕ್ಕಪಕ್ಕದ ಎರಡು ಫ್ರೇಮುಗಳಲ್ಲಿ ಒಂದು ನೀಲಿ ಒಂದು ಹಳದಿ ಬರುತ್ತದೆ.

ಈಗ ಬೆಟ್ಟದ ಮಾತು. ಮರದ ಹಿಂದೆ ಅದನ್ನು ಕೊಂದ ಬೆಟ್ಟವೂ ಇರಬೇಕು ಅನ್ನಿಸುವುದು ಸಹಜ. ತಪ್ಪಾಗುವುದು ಅಲ್ಲೇ. 16 ಅಥವಾ 20 ಮಿ.ಮೀ. ಲೆನ್ಸ್ ಹಾಕಿ ಮರದ ಬುಡಕ್ಕೇ ಹೋಗಿ ನಿಂತರೆ ಮರ ಭೂತಾಕಾರ, ಬೆಟ್ಟ ಕಡಲೆಕಾಳು. ಎರಡರ ಗಾತ್ರದ ಅನುಪಾತ ನಿಲ್ಲುವ ಜಾಗದಿಂದ ಬರುತ್ತದೆಯೇ ಹೊರತು ಲೆನ್ಸ್‌ನಿಂದ ಅಲ್ಲ. ಒಂದು ಲೆಕ್ಕ ಹಾಕೋಣ. ನೀವು ನಿಂತ ಜಾಗದಿಂದ 8 ಕಿಲೋಮೀಟರ್ ದೂರದ ಬೆಟ್ಟ 1,000 ಮೀಟರ್ ಎತ್ತರ ಎದ್ದಿದೆ ಎಂದಿಟ್ಟುಕೊಳ್ಳಿ. ಎತ್ತರ ದೂರದ ಎಂಟನೇ ಒಂದು ಪಾಲು. ನಿಮ್ಮ ಮರ 10 ಮೀಟರ್. ಅದರಿಂದ 80 ಮೀಟರ್ ದೂರ ನಿಂತರೆ ಅದೂ ಎಂಟನೇ ಒಂದು ಪಾಲು, ಅಂದರೆ ಮರ ಬೆಟ್ಟ ಸರಿಸಮ. 40 ಮೀಟರ್‌ಗೆ ಬಂದರೆ ಮರ ಬೆಟ್ಟದ ಎರಡರಷ್ಟು. ನಮ್ಮ ಕಣ್ಣಿಗೆ ಈ ಎರಡು ಪಟ್ಟಿನ ಅನುಪಾತ ಚೆನ್ನ: ಮರವೇ ಮುಖ್ಯ, ಬೆಟ್ಟ ಹಿಂದಿನಿಂದ ಒತ್ತುತ್ತಿರುತ್ತದೆ. ನಿಲ್ಲುವ ಜಾಗ ಹೀಗೆ ಗೊತ್ತಾದ ಮೇಲೆ ಲೆನ್ಸ್. ಫುಲ್ ಫ್ರೇಮ್ ಕ್ಯಾಮೆರಾ ಲಂಬವಾಗಿ ಹಿಡಿದಾಗ ಸೆನ್ಸರ್ ಎತ್ತರ 36 ಮಿ.ಮೀ. ಅದರ ಮೂರನೇ ಎರಡು ಪಾಲು, 24 ಮಿ.ಮೀ. ಮರಕ್ಕೆ ಬೇಕಿದ್ದರೆ 40 ಮೀಟರ್ ದೂರದಿಂದ 96, ಅಂದರೆ ನೂರು ಮಿ.ಮೀ. ಲೆನ್ಸ್ ಸಾಕು. ಸೆನ್ಸರ್ ಚಿಕ್ಕದಿರುವ ಎಪಿಎಸ್-ಸಿ ಕ್ಯಾಮೆರಾದವರು ಒಂದೂವರೆಯಿಂದ ಭಾಗಿಸಿ, ಸುಮಾರು 65.

ಫೋಕಸ್ ಲೆಕ್ಕವೂ ಇದಕ್ಕೆ ಹೊಂದಿಕೊಳ್ಳುತ್ತದೆ. ನೂರು ಮಿ.ಮೀ. ಲೆನ್ಸ್ ಎಫ್/11 ಅಪರ್ಚರ್‌ನಲ್ಲಿ ಹೈಪರ್‌ಫೋಕಲ್ ದೂರ, ಅಂದರೆ ಅಲ್ಲಿಗೆ ಫೋಕಸ್ ಮಾಡಿದರೆ ದಿಗಂತದವರೆಗೂ ಚೂಪಾಗಿ ಬರುವ ದೂರ, ಸುಮಾರು 30 ಮೀಟರ್. ನೀವು 40 ಮೀಟರ್ ದೂರದ ಮರದ ಮೇಲೆ ಫೋಕಸ್ ಮಾಡಿದರೆ ಹಿಂದಿನ ಬೆಟ್ಟವೂ ಚೂಪಾಗಿಯೇ ಬರುತ್ತದೆ, ಮುಂದೆ 17 ಮೀಟರ್‌ವರೆಗಿನ ನೆಲವೂ. ದೊಡ್ಡ ಪ್ರಿಂಟ್ ಮಾಡುವವರು ಎಫ್/13ಕ್ಕೆ ಹೋಗಬಹುದು. ಎಫ್/22ಕ್ಕೆ ಬೇಡ, ಡಿಫ್ರಾಕ್ಷನ್‌ನಿಂದ, ಅಂದರೆ ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದರಿಂದ, ಮರದ ಎಳೆಗಳೇ ಮೊದಲು ಮಂಕಾಗುತ್ತವೆ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಬೆಟ್ಟ ಮಸುಕಾಗಿ ಬಂದರೆ ತಪ್ಪು ಲೆನ್ಸ್‌ನದಲ್ಲ. ಕಪ್ಪು ಜಲ್ಲಿ ಬಿಸಿಲಿಗೆ ಕಾದು ಮೇಲಿನ ಗಾಳಿ ಕುಣಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪಡುಬಿದ್ರಿ ಹೆದ್ದಾರಿಯ ಡಾಂಬರಿನ ಮೇಲೆ ಕಾಣುವಂಥದ್ದೇ. ಅದಕ್ಕೆ ಮದ್ದು ಒಂದೇ, ಬೆಳಿಗ್ಗೆ ಬೇಗ ಹೋಗುವುದು. ಬೆಳಕಿನ ದೃಷ್ಟಿಯಿಂದಲೂ ಅದೇ ಸರಿ. ಮರದ ಎಳೆಗಳು, ಬೂದಿಯ ಮೇಲಿನ ಅಲೆಗಳು ಕಾಣಬೇಕಾದರೆ ಸೂರ್ಯ ಪಕ್ಕದಿಂದ, 5ರಿಂದ 20 ಡಿಗ್ರಿ ಎತ್ತರದಲ್ಲಿ ಇರಬೇಕು. ಹವಾಯಿಯಲ್ಲಿ, ನಮ್ಮಲ್ಲಿರುವ ಹಾಗೇ, ಸೂರ್ಯ ಗಂಟೆಗೆ 14 ಡಿಗ್ರಿ ಆಸುಪಾಸು ಏರುತ್ತಾನೆ. ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು. ಸೇಂಟ್ ಹೆಲೆನ್ಸ್ ಇರುವ 46 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ಓರೆಯಾಗಿ ಏರುವುದರಿಂದ ಬೇಸಿಗೆಯಲ್ಲಿ ಇಂಥ ಬೆಳಕು ಒಂದೂವರೆ ಗಂಟೆಗೂ ಮಿಕ್ಕಿ ಸಿಗುತ್ತದೆ. ಅಲ್ಲಿ ಕುಳಿಯ ಬಾಯಿ ಉತ್ತರಕ್ಕಿದೆ. ಬೇಸಿಗೆಯ ಸೂರ್ಯ ಈಶಾನ್ಯದಲ್ಲಿ ಹುಟ್ಟಿ ವಾಯವ್ಯದಲ್ಲಿ ಮುಳುಗುವ ಹೊತ್ತಿಗೆ ಮಾತ್ರ ಆ ಬಾಯಿಯೊಳಗೆ ಬೆಳಕು ಬೀಳುತ್ತದೆ; ಚಳಿಗಾಲದಲ್ಲಿ ಹೋದರೆ ದಿನವಿಡೀ ನೆರಳು. ಸಂಪೂರ್ಣ ಮೋಡ ಕವಿದ ದಿನವನ್ನು ವ್ಯರ್ಥ ಎನ್ನಬೇಡಿ. ಬೆಳ್ಳಿ ಮರದ ಹತ್ತಿರದ ಚಿತ್ರಗಳಿಗೆ ಅಷ್ಟು ಒಳ್ಳೆಯ ಬೆಳಕು ಇನ್ನೊಂದಿಲ್ಲ.

ಇನ್‌ಫ್ರಾರೆಡ್ ಕ್ಯಾಮೆರಾ ಇರುವವರಿಗೆ ಇಂಥ ನೆಲ ನಿಜಕ್ಕೂ ಹಬ್ಬ. ಜೀವಂತ ಎಲೆ ಇನ್‌ಫ್ರಾರೆಡ್ ಕಿರಣವನ್ನು ಜೋರಾಗಿ ಹಿಂದಕ್ಕೆ ಚೆಲ್ಲುತ್ತದೆ. ಒಣ ಮರ, ಬೂದಿ ಹಾಗೆ ಮಾಡುವುದಿಲ್ಲ. 720 ನ್ಯಾನೋಮೀಟರ್ ಫಿಲ್ಟರಿನಲ್ಲಿ ತೆಗೆದರೆ ಸತ್ತ ಕಾಂಡದ ಬುಡದಲ್ಲಿ ಹುಟ್ಟಿದ ಅಂಗೈಯಗಲದ ಲುಪಿನ್ ಗಿಡವೂ ದೀಪದ ಹಾಗೆ ಬೆಳಗುತ್ತದೆ. ಸೇಂಟ್ ಹೆಲೆನ್ಸ್‌ನ ಪ್ಯೂಮಿಸ್ ಬಯಲಿಗೆ ಮೊದಲು ಮರಳಿದ ಗಿಡಗಳಲ್ಲಿ ಈ ಲುಪಿನ್ ಒಂದು. ಬೇರಿನಲ್ಲಿ ಸಾರಜನಕ ಕಟ್ಟಿಕೊಳ್ಳುವ, ನಮ್ಮ ಹೆಸರು ಉದ್ದಿನ ಬಳಗದ ಗಿಡ.

ಬೂದಿ ಎಂದರೆ ಒಲೆಯ ಬೂದಿಯಲ್ಲ. ಜ್ವಾಲಾಮುಖಿ ಬೂದಿ 2 ಮಿಲಿಮೀಟರ್‌ಗಿಂತ ಸಣ್ಣ ಗಾಜು ಮತ್ತು ಖನಿಜದ ಚೂರು. ಚೂಪು, ಗಟ್ಟಿ. ಲೆನ್ಸ್ ಮೇಲೆ ಕೂತದ್ದನ್ನು ಬಟ್ಟೆಯಿಂದ ಒರೆಸಿದರೆ ಕೋಟಿಂಗ್ ಮೇಲೆ ಗೀರು ಖಚಿತ. ಲೆನ್ಸನ್ನು ಕೆಳಮುಖ ಮಾಡಿ ರಬ್ಬರ್ ಬ್ಲೋವರ್‌ನಿಂದ ಊದಿ, ಆಮೇಲೆ ಮೆದು ಕುಂಚ, ಬಟ್ಟೆ ಕೊನೆಗೆ ರೂಮಿಗೆ ಬಂದ ಮೇಲೆ. ಬಾಯಿಂದ ಊದಬೇಡಿ: ಒದ್ದೆಯಾದ ತಾಜಾ ಬೂದಿ ಆಮ್ಲೀಯ, ವಿದ್ಯುತ್ತನ್ನೂ ಹರಿಸುತ್ತದೆ. ಬೇರೆಡೆ ಯುವಿ ಫಿಲ್ಟರ್ ಬೇಕೇ ಬೇಡವೇ ಎಂಬ ವಾದ ಇರಲಿ, ಇಲ್ಲಿ ಬೇಕೇ ಬೇಕು. ಬಯಲಿನಲ್ಲಿ ಲೆನ್ಸ್ ಬದಲಿಸಬೇಡಿ. ಉದ್ದಕ್ಕೆ ಚಾಚುವ ಝೂಮ್‌ಗಳು ಪ್ರತಿ ಸಲವೂ ಹೊರಗಿನ ಗಾಳಿಯನ್ನು ಬೂದಿ ಸಮೇತ ಎಳೆದುಕೊಳ್ಳುತ್ತವೆ. ಒಳಗೇ ಝೂಮ್ ಆಗುವ 70-200 ಇದ್ದರೆ ಅದೇ ಒಳ್ಳೆಯದು.

ಟ್ರೈಪಾಡ್ ಹಾಳಾಗುವುದು ಕೀಲುಗಳಲ್ಲಿ. ಕೆಳಗಿನ ತುಂಡನ್ನು ಒಂದು ಗೇಣಾದರೂ ಎಳೆದೇ ನಿಲ್ಲಿಸಿ, ಆಗ ಕೊನೆಯ ಲಾಕ್ ಬೂದಿಗಿಂತ ಮೇಲಿರುತ್ತದೆ. ಮಲ್ಪೆಯ ಮರಳಿನಲ್ಲೂ ಇದೇ ನಿಯಮ. ಪ್ಯೂಮಿಸ್ ಮೇಲೆ ಕಾಲುಗಳು ನಿಧಾನ ಇಳಿಯುತ್ತವೆ. ಎರಡು ಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ ಮರ ಕೆಳಕ್ಕೆ ಜಾರಿದ ಹಾಗೆ ಬಂದರೆ ಕಾರಣ ಅದೇ. ಮೂರು ಹಳೆಯ ಸಿಡಿ ಅಥವಾ ಅಂಗೈಯಗಲದ ಹಲಗೆ ಚೂರು ಕಾಲಡಿಗೆ ಇಟ್ಟು, ಮೇಲಿಂದ ಒಮ್ಮೆ ಒತ್ತಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಊರಿಗೆ ಬಂದ ಮೇಲೆ ಕಾಲುಗಳನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಗ್ರೀಸ್ ಹಚ್ಚಬೇಕು. ನಮ್ಮ ಕರಾವಳಿಯ ಸೆಖೆಯಲ್ಲಿ ಇನ್ನೂ ಒಂದು ಮಾತು: ಬೂದಿಯ ಧೂಳು ಕೂತ ಲೆನ್ಸನ್ನು ಹಾಗೇ ಚೀಲದಲ್ಲಿಟ್ಟರೆ ಫಂಗಸ್ ಹಿಡಿಯಲು ಒಂದು ಮಳೆಗಾಲ ಸಾಕು. 40ರಿಂದ 50 ಶೇಕಡಾ ತೇವಾಂಶದ ಡ್ರೈ ಕ್ಯಾಬಿನೆಟ್, ಇಲ್ಲವಾದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್.

ಸುರಕ್ಷತೆಯ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಛಾಯಾಗ್ರಾಹಕರಿಗೆ ತಗ್ಗಿನಲ್ಲಿ ಮಲಗಿ ಕೆಳಕೋನದಿಂದ ತೆಗೆಯುವ ಚಟ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಗಾಳಿಯಾಡದ ತಗ್ಗುಗಳಲ್ಲಿ ನೀರಿನಂತೆ ನಿಲ್ಲುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ನಿಂತವನಿಗೆ ಏನೂ ಆಗದ ಜಾಗದಲ್ಲಿ ಮಲಗಿದವನ ಜೀವ ಹೋಗಬಹುದು. ಅನಿಲದ ಫಲಕ ಇರುವ ಕಡೆ ಕ್ಯಾಮೆರಾ ಮಾತ್ರ ಕೆಳಗಿಳಿಯಲಿ, ತಲೆ ಬೇಡ. ತಿರುಗುವ ಸ್ಕ್ರೀನ್ ಇರುವುದೇ ಅದಕ್ಕೆ. ಎನ್95 ಮಾಸ್ಕ್ ಬೂದಿಯನ್ನು ತಡೆಯುತ್ತದೆ, ಅನಿಲವನ್ನಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕನ್ನಡಕಕ್ಕೆ ಬದಲಾಯಿಸಿ. ಸತ್ತು ನಿಂತ ಮರದ ಬುಡ ಒಳಗೇ ಕೊಳೆತಿರುತ್ತದೆ, ಗಾಳಿಗೆ ಸದ್ದಿಲ್ಲದೆ ಬೀಳುತ್ತದೆ. ಮರದ ಎತ್ತರದ ಒಂದೂವರೆ ಪಟ್ಟು ದೂರ ಟ್ರೈಪಾಡ್ ಇರಲಿ. ಇಂಡೋನೇಷ್ಯಾದಲ್ಲಿ ಎಚ್ಚರಿಕೆಗೆ ನಾಲ್ಕು ಹಂತಗಳಿವೆ: ನಾರ್ಮಲ್, ವಾಸ್ಪದಾ, ಸಿಯಾಗಾ, ಆವಾಸ್. ಹೊರಡುವ ದಿನ ಬೆಳಿಗ್ಗೆ ಅದನ್ನು ನೋಡಿಯೇ ಹೊರಡಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಡ್ರೋನ್ ನಿಷಿದ್ಧ. ಕಲ್ಲು, ಜಲ್ಲಿ ಎತ್ತಿಕೊಂಡು ಬರುವಂತಿಲ್ಲ. ಹಾದಿ ಬಿಟ್ಟು ಇಳಿದರೆ ಹೆಜ್ಜೆ ಗುರುತು ವರ್ಷಗಟ್ಟಲೆ ಉಳಿಯುತ್ತದೆ, ಮುಂದಿನವರ ಚಿತ್ರದಲ್ಲೂ ಅದೇ ಇರುತ್ತದೆ.

ಸೇಂಟ್ ಹೆಲೆನ್ಸ್‌ನಲ್ಲಿ ಅಂದು ಸತ್ತವರಲ್ಲಿ ರಾಬರ್ಟ್ ಲ್ಯಾಂಡ್ಸ್‌ಬರ್ಗ್ ಎಂಬ ಛಾಯಾಗ್ರಾಹಕರಿದ್ದರು. ಬೂದಿಯ ಮೋಡ ಹತ್ತಿರ ಬರುತ್ತಿದ್ದಾಗ ಚಿತ್ರ ತೆಗೆದು, ತಪ್ಪಿಸಿಕೊಳ್ಳಲಾಗದು ಎಂದು ತಿಳಿದಾಗ ಫಿಲ್ಮನ್ನು ಸುತ್ತಿ ಭದ್ರಪಡಿಸಿ ಚೀಲದಲ್ಲಿಟ್ಟು ಅದರ ಮೇಲೆ ಮಲಗಿದರು. 17 ದಿನಗಳ ನಂತರ ದೇಹ ಸಿಕ್ಕಿತು, ಫಿಲ್ಮೂ ಸಿಕ್ಕಿತು. ಅವರ ಹೆಸರನ್ನು ಈ ಸಭೆಯಲ್ಲಿ ಗೌರವದಿಂದ ನೆನೆಯಬೇಕು.

ಎಡಿಟಿಂಗ್‌ನಲ್ಲಿ ಹಾಳಾಗುವ ಬಗೆ ಮುಖ್ಯವಾಗಿ ಎರಡು. ಕ್ಲಾರಿಟಿ ಸ್ಲೈಡರನ್ನು 50ರಾಚೆ ಎಳೆದು ರೆಂಬೆಗಳ ಸುತ್ತ ಬಿಳಿ ಅಂಚು ಬರಿಸಿಕೊಳ್ಳುವುದು ಒಂದು. ಕಪ್ಪು ಜಲ್ಲಿಯನ್ನು ಇನ್ನೂ ಕಪ್ಪು ಮಾಡಿ ಸೊನ್ನೆಗೆ ತಳ್ಳುವುದು ಇನ್ನೊಂದು. ಜಲ್ಲಿಯ ಪ್ರತಿ ಹರಳಿನಲ್ಲೂ ಗುಳ್ಳೆಯ ತೂತುಗಳಿವೆ, ಅದು ನೊರೆಗಟ್ಟಿದ ಲಾವಾ ಎಂಬುದಕ್ಕೆ ಸಾಕ್ಷಿ ಅವೇ. ಸ್ಕ್ರೀನ್ ಮೇಲೆ ಕಂಡರೂ ಮ್ಯಾಟ್ ಕಾಗದದ ಪ್ರಿಂಟಿನಲ್ಲಿ ನೆರಳುಗಳು ಒಂದಾಗಿಬಿಡುತ್ತವೆ. ಪ್ರಿಂಟಿಗೆ ಕೊಡುವ ಮುನ್ನ ನೆರಳನ್ನು ತುಸು ಎತ್ತಿ, ಎ5 ಅಳತೆಯ ಒಂದು ತುಂಡನ್ನು ಮೊದಲು ಪರೀಕ್ಷೆಗೆ ಹಾಕಿಸಿ ನೋಡಿ.

ಅಭ್ಯಾಸಕ್ಕೆ ಮಲ್ಪೆ ಎಂದೆವಲ್ಲ, ಹೀಗೆ ಮಾಡಿ. ಮಳೆಗಾಲ ಕಳೆದ ಮೇಲೆ ತೀರದಲ್ಲಿ ಕಡಲು ತಂದು ಹಾಕಿದ, ಉಪ್ಪಿಗೆ ಬೆಳ್ಳಗಾದ ಮರದ ದಿಮ್ಮಿಗಳು ಸಿಗುತ್ತವೆ. ದ್ವೀಪದ ಕರಿಬಂಡೆಗಳ ನಡುವೆ ಸಿಕ್ಕಿಕೊಂಡ ಅಂಥದೊಂದು ದಿಮ್ಮಿ ಹುಡುಕಿ, ಬೆಳಗಿನ ಮೊದಲ ದೋಣಿಗೇ ಹೋಗಿ ಸ್ಪಾಟ್ ಮೀಟರಿಂಗ್ ಮಾಡಿ: ಬಂಡೆ ಒಣಗಿದ್ದಾಗ ಒಮ್ಮೆ, ತೆರೆ ಬಡಿದು ಒದ್ದೆಯಾದಾಗ ಇನ್ನೊಮ್ಮೆ. ಒದ್ದೆ ಬಂಡೆ ಒಂದು ಸ್ಟಾಪಿನಷ್ಟು ಕಪ್ಪಾಗುತ್ತದೆ, ನಿಮ್ಮ ಕಾಂಡದ ಅಳತೆ ಮಾತ್ರ ಬದಲಾಗಬಾರದು. ದೂರದ ಲೆಕ್ಕಕ್ಕೆ ಉಳ್ಳಾಲ, ಸೋಮೇಶ್ವರದ ಕಡೆ ಕಡಲ್ಕೊರೆತಕ್ಕೆ ಬೇರು ಹೊರಬಿದ್ದ ಒಂಟಿ ತೆಂಗು ಸಾಕು. ಅಲ್ಲೂ ಅದೇ ಪ್ರಶ್ನೆ ಕೇಳಿ, ಈ ಮರ ಸಿಡಿಲಿಗೆ ಸತ್ತಿತೋ, ಕಡಲಿಗೆ ಸತ್ತಿತೋ? ಸಿಡಿಲಿಗಾದರೆ ಸುಳಿ ಒಣಗಿ ಬೋಳು ಕಂಬ ನೆಟ್ಟಗೆ ನಿಂತಿರುತ್ತದೆ, ಬುಡದ ಮಣ್ಣು ಹಾಗೇ ಇರುತ್ತದೆ. ಕಡಲಿಗಾದರೆ ಬೇರಿನ ಜಡೆ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಮೊದಲನೆಯದಕ್ಕೆ ತುದಿ ಬೇಕು, ಎರಡನೆಯದಕ್ಕೆ ಬುಡ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇವೆ.

ಮೊಬೈಲಿನಲ್ಲಿ ಇದೆಲ್ಲ ಆಗುತ್ತದೆಯೇ? ಬಹುಪಾಲು ಆಗುತ್ತದೆ. ಅಗಲದ ಲೆನ್ಸ್ ಬಿಟ್ಟು ಎರಡು ಅಥವಾ ಮೂರು ಪಟ್ಟಿನ ಲೆನ್ಸ್ ಬಳಸಿ, ಹಿಂದಕ್ಕೆ ಸರಿದು ನಿಲ್ಲಿ. ಕಾಂಡದ ಮೇಲೆ ಬೆರಳಿಟ್ಟು ಹಿಡಿದರೆ ಅಳತೆ ಅಲ್ಲೇ ಕೂರುತ್ತದೆ. ಆಮೇಲೆ ಕಾಂಡ ಬೂದು ಹೋಗಿ ಮೈ ಕಾಣುವ ಬಿಳಿಯಾಗುವಷ್ಟು ಎಕ್ಸ್‌ಪೋಷರ್ ಏರಿಸಿ. ರಾ ಸೌಲಭ್ಯ ಇದ್ದರೆ ಅದನ್ನೇ ಬಳಸಿ, ಯಾಕೆಂದರೆ ಮೊಬೈಲಿನ ತಾನಾಗಿ ಆಗುವ ಎಚ್‌ಡಿಆರ್ ಬೆಳ್ಳಿ ಮರವನ್ನು ಪ್ಲಾಸ್ಟಿಕ್ ಮಾಡುತ್ತದೆ.

ನಮ್ಮ ದೇಶದಲ್ಲಿ ಇಂಥ ಜಾಗ ಇಲ್ಲವೇ? ಜೀವಂತ ಜ್ವಾಲಾಮುಖಿ ಎಂದರೆ ಅಂಡಮಾನಿನ ಬ್ಯಾರನ್ ದ್ವೀಪ ಒಂದೇ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ತಣ್ಣಗಿದ್ದು 1991ರಲ್ಲಿ ಮತ್ತೆ ಸಿಡಿಯಿತು. ಪ್ರವಾಸಿಗರಿಗೆ ಅಲ್ಲಿ ಇಳಿಯುವ ಅವಕಾಶವಿಲ್ಲ, ಅನುಮತಿ ಪಡೆದ ಹಡಗಿನಿಂದಲೇ ನೋಡಬೇಕು. ಅಲುಗುವ ಹಡಗಿನಲ್ಲಿ ಟ್ರೈಪಾಡ್ ಪ್ರಯೋಜನಕ್ಕೆ ಬರುವುದಿಲ್ಲ. ಎಂಜಿನ್ನಿನ ನಡುಕವೇ ಕಾಲುಗಳ ಮೂಲಕ ಮೇಲೇರುತ್ತದೆ. 300 ಮಿ.ಮೀ. ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಕೈಯಲ್ಲೇ ಹಿಡಿದು, ಮೊಣಕೈ ಕಂಬಿಗೆ ತಾಗಿಸದೆ, ಸ್ಟೆಬಿಲೈಸರ್ ಆನ್ ಮಾಡಿ, ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ನಿಧಾನವಾಗದಂತೆ ಐಎಸ್ಒ ಏರಿಸಿಕೊಳ್ಳಿ. ಹಡಗು ಅಲೆಯ ನೆತ್ತಿಗೆ ಬಂದು ಒಂದು ಕ್ಷಣ ತಡೆಯುತ್ತದೆ, ಕ್ಲಿಕ್ಕಿಸಬೇಕಾದ್ದು ಆಗ.